ಕಾರ್ಬ್ಯುರೇಟರ್ ಬಿಚ್ಚುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ನಿರ್ವಹಣೆಯ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಎಂಜಿಬಿಯಂಥ ಬ್ರಿಟಿಷ್ ಕಾರುಗಳು ಬಿಸಿಲಿನಲ್ಲಿ ನಿಂತುಬಿಡುವುದಕ್ಕೂ ಪಿಕಪ್ ಕೊಡದೆ ಮಿಸ್ ಹೊಡೆಯುವುದಕ್ಕೂ ಅವುಗಳ ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳೇ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ, ಎಸ್‌ಯು ಎಂಬ ಕಂಪನಿಯ ಸಾಧನಗಳೇ) ಕಾರಣವೆಂದೂ, ಅವನ್ನು ಕಿತ್ತು ಈಚಿನ ಬೇರೆ ಕಾರ್ಬ್ಯುರೇಟರನ್ನೋ ಇಂಜೆಕ್ಷನ್ ಕಿಟ್ಟನ್ನೋ ಕೂರಿಸುವುದೇ ಶಾಶ್ವತ ಪರಿಹಾರವೆಂದೂ ಅದರಲ್ಲಿ ಹೇಳಲಾಗಿದೆ. ಇಂಥ ಕಾರುಗಳ ರಿಪೇರಿಯಲ್ಲಿ ಬಹುಕಾಲ ಕೈಯಾಡಿಸಿರುವ ನಾನು ಇದನ್ನು ಒಪ್ಪಲಾರೆ. ನಾನು ಕಂಡಂತೆ ಎಸ್‌ಯು ಕಾರ್ಬ್ಯುರೇಟರ್ ತಾನೇ ಕೆಡುವುದು ಕಡಿಮೆ. ಅದಕ್ಕೆ ಪೆಟ್ರೋಲ್ ತಂದುಕೊಡುವ ಭಾಗಗಳೋ ಕಿಡಿ ಹಚ್ಚುವ ಭಾಗಗಳೋ ಮಾಡಿದ ತಪ್ಪಿಗೆ ಅದು ದಂಡ ತೆರುತ್ತದೆ. ಈಗಂತೂ ಟ್ಯಾಂಕಿಗೆ ಬೀಳುವ ಪೆಟ್ರೋಲೇ ಬದಲಾಗಿದೆ, ಆದರೆ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಅಸಲು ಕಾರಣ ಹುಡುಕದೆ ಕಾರ್ಬ್ಯುರೇಟರ್ ಬದಲಿಸುವುದೆಂದರೆ ಜ್ವರ ಬಂದಾಗ ಥರ್ಮಾಮೀಟರ್ ಬದಲಿಸಿದಂತೆ.

ಎಂಜಿಬಿ ನಮಗೆ ತೀರಾ ಅಪರಿಚಿತ ಯಂತ್ರವೇನಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿನ 1798 ಸಿಸಿ ಎಂಜಿನ್, ನಮ್ಮ ಅಂಬಾಸಿಡರ್‌ಗಳಲ್ಲಿದ್ದ 1489 ಸಿಸಿ ಎಂಜಿನ್ನಿನ ವಂಶಕ್ಕೇ ಸೇರಿದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಂತೂ ಅದೇ 1489 ಸಿಸಿ ಬಿ-ಸೀರೀಸ್ ಎಂಜಿನ್ ಇತ್ತು. ಆದ್ದರಿಂದ ಅಂಬಾಸಿಡರ್‌ನೊಂದಿಗೆ ಏಗಿದ ಹಿರಿಯ ಮೆಕ್ಯಾನಿಕ್ ಎಂಜಿಬಿಯ ಬಾನೆಟ್ ಎತ್ತಿ ಗಾಬರಿಪಡಬೇಕಾದ ಅಗತ್ಯವಿಲ್ಲ. ಒಂದರ ಬದಲು ಎರಡು ಕಾರ್ಬ್ಯುರೇಟರ್ ಇರುವುದು ಮತ್ತು ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕದಲ್ಲಿಲ್ಲದೆ ಹಿಂದೆ, ಬಲಗಡೆಯ ಹಿಂಚಕ್ರದ ಸಮೀಪ, ವಿದ್ಯುತ್ತಿನಿಂದ ನಡೆಯುವುದು, ಇವೇ ಆತ ಗಮನಿಸಬೇಕಾದ ಮುಖ್ಯ ವ್ಯತ್ಯಾಸಗಳು.

ಮೊದಲು ನೋಡಬೇಕಾದದ್ದು ಪೆಟ್ರೋಲನ್ನಲ್ಲ, ಕಿಡಿಯನ್ನು. ಟ್ಯಾಪೆಟ್ ಗ್ಯಾಪು (ವಾಲ್ವುಗಳ ಸಂದು) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸರಿಯಿವೆಯೆಂದು ಖಾತ್ರಿಯಾದ ಮೇಲೆ ಡೆಲ್ಕೊ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್ ನೋಡಬೇಕು. ಎಂಜಿಬಿಯಲ್ಲಿ ಅದರ ಗ್ಯಾಪು 0.35ರಿಂದ 0.40 ಮಿ.ಮೀ. ಇರಬೇಕು. ಇಗ್ನಿಷನ್ ಕೈಕೊಟ್ಟಾಗ ಎಂಜಿನ್ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ ಅಥವಾ ಥಟ್ಟನೆ ಮಿಸ್ ಹೊಡೆಯುತ್ತದೆ. ಪೆಟ್ರೋಲ್ ಸಾಲದಾದಾಗ ಮೊದಲು ಎಳೆತ ತಗ್ಗಿ, ಒಂದೆರಡು ಬಾರಿ ಮುಗ್ಗರಿಸಿ, ಆಮೇಲೆ ನಿಲ್ಲುತ್ತದೆ. ಇಲ್ಲಿ ಅನುಭವಿಗಳನ್ನೂ ಏಮಾರಿಸುವ ವಸ್ತು, ಪಾಯಿಂಟಿಗೆ ಜೋಡಿಸಿದ ಪುಟ್ಟ ಕಂಡೆನ್ಸರ್. ದುರ್ಬಲವಾದ ಕಂಡೆನ್ಸರ್ ತಣ್ಣಗಿರುವಾಗ ಚೆನ್ನಾಗಿ ಕೆಲಸ ಮಾಡಿ, ಕಾದ ಮೇಲೆ ಕೈಬಿಟ್ಟು, ಅರ್ಧ ಗಂಟೆ ತಣಿದ ಬಳಿಕ ಮತ್ತೆ ಎಂದಿನಂತೆ ನಡೆಯುವುದರಿಂದ, ಅದು ಪೆಟ್ರೋಲ್ ಲೈನಿನ ವೇಪರ್ ಲಾಕ್ (ಪೆಟ್ರೋಲ್ ಕಾದು ಆವಿಯಾಗಿ ಪೈಪು ಕಟ್ಟಿಕೊಳ್ಳುವುದು) ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ. ಕಾರು ನಿಂತ ಆ ಕ್ಷಣದಲ್ಲಿಯೇ, ಎಂಜಿನ್ ಬಿಸಿಯಿರುವಾಗಲೇ, ಕಿಡಿ ಪರೀಕ್ಷಿಸದೆ ಈ ಎರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಟೋಯಿಂಗ್ ಮಾಡಿ ಗ್ಯಾರೇಜಿಗೆ ತರುವಷ್ಟರಲ್ಲಿ ಸಾಕ್ಷ್ಯ ಅಳಿದಿರುತ್ತದೆ.

ಕಿಡಿ ಸರಿಯಿದ್ದರೆ ಮುಂದಿನದು ಪೂರೈಕೆ. ಎಂಜಿಬಿಯ ಎಸ್‌ಯು ಪಂಪು ತನ್ನ ಸ್ಥಿತಿಯನ್ನು ತಾನೇ ಸದ್ದಿನಲ್ಲಿ ಹೇಳುತ್ತದೆ. ಕೀ ತಿರುಗಿಸಿದಾಗ ಕೆಲ ಕ್ಷಣ ಟಕಟಕ ಎಂದು ಬಡಿದು, ಫ್ಲೋಟ್ ಚೇಂಬರ್‌ಗಳು (ಕಾರ್ಬ್ಯುರೇಟರ್ ಪಕ್ಕದ ಪೆಟ್ರೋಲ್ ಬಟ್ಟಲುಗಳು) ತುಂಬಿದ ಕೂಡಲೇ ಅದು ಮೌನವಾಗಬೇಕು. ನಿಲ್ಲದೆ ಒಂದೇ ಸಮನೆ ಬಡಿಯುತ್ತಿದ್ದರೆ ಟ್ಯಾಂಕ್ ಬರಿದಾಗಿದೆ, ಇಲ್ಲವೇ ಪಂಪಿಗೆ ಬರುವ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಅಥವಾ ಆ ಬಟ್ಟಲಿಗೆ ಪೆಟ್ರೋಲ್ ಬರುವ ದಾರಿ ತಡೆಯುವ ಫ್ಲೋಟ್ ನೀಡಲ್ ಮುಚ್ಚಿಕೊಳ್ಳದೆ ಪೆಟ್ರೋಲ್ ಹೊರಕ್ಕೆ ಹರಿಯುತ್ತಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಪಂಪಿನೊಳಗಿನ ಪಾಯಿಂಟ್ ಕಚ್ಚಿಕೊಂಡಿರಬಹುದು ಅಥವಾ ಅರ್ತ್ ಸರಿಯಾಗಿ ತಾಗುತ್ತಿರಲಿಕ್ಕಿಲ್ಲ. ಕಾರ್ಬ್ಯುರೇಟರ್ ಕಡೆಯ ಪೈಪು ಬಿಚ್ಚಿ ಗಾಜಿನ ಸೀಸೆಗೆ ಪೆಟ್ರೋಲ್ ಹರಿಸಿ ನೋಡಿದರೆ ಉಳಿದದ್ದು ಗೊತ್ತಾಗುತ್ತದೆ: ಧಾರೆ ಬಲವಾಗಿರಬೇಕು, ಗುಳ್ಳೆಗಳಿರಬಾರದು, ತಳದಲ್ಲಿ ಕಪ್ಪು ಚೂರಾಗಲಿ ತುಕ್ಕಾಗಲಿ ಕೂರಬಾರದು. ಇದನ್ನು ಬಯಲಿನಲ್ಲಿ, ಎಂಜಿನ್ ಪೂರ್ತಿ ತಣಿದ ಮೇಲೆ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಬಳಿಕವಷ್ಟೇ ಕಾರು ಸೊರಗುವುದಾದರೆ ಒಮ್ಮೆ ಟ್ಯಾಂಕಿನ ಮುಚ್ಚಳ ತೆರೆದು ನೋಡುವುದು ಒಳ್ಳೆಯದು. ಗಾಳಿ ಒಳಕ್ಕೆ ನುಗ್ಗುವ ಸದ್ದು ಕೇಳಿ, ಆಮೇಲೆ ಕಾರು ಸರಾಗವಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಬಿಡುವ ರಂಧ್ರ ಕಟ್ಟಿಕೊಂಡಿದೆ. ಇಷ್ಟಕ್ಕೇ ಎರಡೂ ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿ ಹಾಕಿದ ಪ್ರಸಂಗಗಳನ್ನು ಕಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೆಯೇ ಕಾರ್ಬ್ಯುರೇಟರ್‌ನ ಸರದಿ. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹೊಮ್ಮುವ ಒಂದೇ ಜೆಟ್, ಅದರೊಳಗೆ ಇಳಿಬಿದ್ದ ಮೊನಚಾದ ಒಂದು ಸೂಜಿ, ಆ ಸೂಜಿಯನ್ನು ಹೊತ್ತ ಒಂದು ಪಿಸ್ಟನ್. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇರುತ್ತದೆ, ಸೂಜಿಯ ತೆಳು ಭಾಗ ಜೆಟ್ಟಿನ ಬಾಯಿಗೆ ಬರುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚು ಬರುತ್ತದೆ. ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ಟಕ್ ಎಂಬ ಸ್ಪಷ್ಟ ಸದ್ದಿನೊಂದಿಗೆ ಕೆಳಗೆ ಬೀಳಬೇಕು. ಮಧ್ಯದಲ್ಲಿ ತಡೆದರೆ ಒಳಗೆ ಕೊಳೆ ಇದೆ ಅಥವಾ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ. ಪಿಸ್ಟನ್ ಮೇಲಿನ ನಳಿಗೆಯಲ್ಲಿ ತೆಳು ಎಣ್ಣೆ ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಕಾರು ತಡವರಿಸುತ್ತದೆ, ಮತ್ತು ಇದಕ್ಕೆ ಬೇಕಾದ ಮದ್ದು ಒಂದಿಷ್ಟು 20 ನಂಬರಿನ ಎಣ್ಣೆ ಮಾತ್ರ. ಮಿಶ್ರಣದ ಪರೀಕ್ಷೆಗೆ ಬದಿಯಲ್ಲೊಂದು ಪುಟ್ಟ ಪಿನ್ನೂ ಇದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ ಅದರಿಂದ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಎತ್ತಿದಾಗ ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು), ಎಂಜಿನ್ ಕುಸಿದರೆ ಲೀನ್ (ಪೆಟ್ರೋಲ್ ಕಡಿಮೆ), ಕ್ಷಣಕಾಲ ಏರಿ ಮೊದಲಿನಂತಾದರೆ ಸರಿ. ಜೆಟ್ಟಿನ ಕೆಳಗಿನ ನಟ್ಟನ್ನು ಎಷ್ಟು ತಿರುಗಿಸಿದರೂ ಮಿಶ್ರಣ ಹದಕ್ಕೆ ಬಾರದಿದ್ದರೆ ಗಾಳಿಯ ಬಾಗಿಲನ್ನು ತಿರುಗಿಸುವ ಥ್ರಾಟಲ್ ಸ್ಪಿಂಡಲ್ ಸವೆದು ಅದರ ಅಕ್ಕಪಕ್ಕದಿಂದ ಗಾಳಿ ನುಗ್ಗುತ್ತಿದೆಯೇ ಎಂದು ನೋಡಬೇಕು. ಹಳೆಯ ಎಸ್‌ಯುಗಳಲ್ಲಿ ನಿಜವಾಗಿ ಸವೆಯುವ ಭಾಗವೆಂದರೆ ಇದೇ, ಮತ್ತು ಲೇತ್ ಇರುವ ಯಾವುದೇ ಒಳ್ಳೆಯ ವರ್ಕ್‌ಶಾಪಿನಲ್ಲಿ ಇದಕ್ಕೆ ಹೊಸ ಬುಷ್ ಹಾಕಿಸಬಹುದು.

ಈಗ ಪೆಟ್ರೋಲಿನ ವಿಷಯ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರಿಗೆ ಇದರಿಂದಾಗುವ ಅನುಕೂಲದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಥನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಅರುವತ್ತರ ದಶಕದ ಕಾರಿಗೆ ಮೈಲೇಜಿಗಿಂತ ಮುಖ್ಯವಾದದ್ದು ಮಿಶ್ರಣದ ಪ್ರಮಾಣ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಶೇ 20ರ ಮಿಶ್ರಣಕ್ಕೆ ಅದು 13.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೆನ್ಸರ್ ಇರುವ ಇಂದಿನ ಕಾರುಗಳು ಇದನ್ನು ತಾವೇ ಸರಿತೂಗಿಸಿಕೊಳ್ಳುತ್ತವೆ. ಕಾರ್ಬ್ಯುರೇಟರ್‌ಗೆ ಆ ಸೌಲಭ್ಯವಿಲ್ಲದೆ ಮಿಶ್ರಣ ಶೇ 8ರಷ್ಟು ಲೀನ್ ಆಗುತ್ತದೆ.

ಇದರಲ್ಲೊಂದು ಸ್ವಾರಸ್ಯವೂ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳು ಗಾಳಿಯಲ್ಲಿ ಎಸ್‌ಯು ಕಾರ್ಬ್ಯುರೇಟರ್ ಸಹಜವಾಗಿಯೇ ಶೇ 4–5ರಷ್ಟು ರಿಚ್ ಆಗಿರುತ್ತದೆ. ಹೀಗಾಗಿ ಎಥನಾಲ್ ಉಂಟುಮಾಡುವ ಕೊರತೆಯ ಅರ್ಧ ಭಾಗ ಇಲ್ಲಿ ಮುಚ್ಚಿಹೋಗುತ್ತದೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಪೂರ್ತಿ ಕೊರತೆ ಬಯಲಾಗುತ್ತದೆ: ಎಂಜಿನ್ ಕಾಯುತ್ತದೆ, ಕಾರ್ಬ್ಯುರೇಟರ್‌ನೊಳಗೇ ಚಿಟಪಟ ಸಿಡಿಯುತ್ತದೆ, ಚೋಕ್ (ಪೆಟ್ರೋಲ್ ಪ್ರಮಾಣ ಹೆಚ್ಚಿಸುವ ಹಿಡಿ) ಒಂದಿಷ್ಟು ಎಳೆದುಕೊಂಡರೆ ಮಾತ್ರ ಸರಿಯಾಗಿ ಎಳೆಯುತ್ತದೆ. ಚೋಕ್ ಎಳೆದಾಗ ಕಾರು ಸುಧಾರಿಸಿತೆಂದರೆ ಅಲ್ಲಿಗೆ ರೋಗ ಗುರುತಾಯಿತು. ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದೆರಡರಷ್ಟು ತಿರುಗಿಸಿ ಕೆಳಗಿಳಿಸಿದರೆ ಐಡಲ್ ಸರಿಹೋಗುತ್ತದೆ. ಇಡೀ ವೇಗಶ್ರೇಣಿಯಲ್ಲಿ ಸರಿಹೋಗಬೇಕಾದರೆ ಸ್ವಲ್ಪ ತೆಳುವಾದ ಸೂಜಿ ಬೇಕು. ಎಸ್‌ಯು ಸೂಜಿಗಳ ದಪ್ಪವನ್ನು ಇಂಚಿನ ಎಂಟನೇ ಒಂದು ಭಾಗಕ್ಕೊಮ್ಮೆ ಅಳೆದು ಪಟ್ಟಿಮಾಡಲಾಗಿದೆ, ಆ ಪಟ್ಟಿಯಲ್ಲಿ ನೂರಾರು ಬಗೆಯ ಸೂಜಿಗಳಿವೆ. ತಮ್ಮ ಲೇಖಕರು ಹಳತೆಂದು ತಳ್ಳಿಹಾಕಿದ ಈ ಕಾರ್ಬ್ಯುರೇಟರ್ ಹೊಸ ಇಂಧನಕ್ಕೆ ಇಷ್ಟು ಸುಲಭವಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಅವರು ಗಮನಿಸಬೇಕಿತ್ತು.

ರಬ್ಬರಿನದು ಇದಕ್ಕಿಂತ ಗಂಭೀರ ವಿಷಯ, ಏಕೆಂದರೆ ಇಲ್ಲಿ ಬೆಂಕಿಯ ಭಯವಿದೆ. ಹಳೆಯ ಪೆಟ್ರೋಲ್ ಹೋಸ್‌ಗಳನ್ನು ಎಥನಾಲ್ ಒಳಗಿನಿಂದ ಮೆದುಮಾಡುತ್ತದೆ. ಒಳಪದರ ಸುಲಿದು ಬಂದ ಕಪ್ಪು ಚೂರು ಫ್ಲೋಟ್ ನೀಡಲ್‌ನಲ್ಲಿ ಸಿಕ್ಕಿಕೊಂಡರೆ ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ, ಮತ್ತು ಎಂಜಿಬಿಯಲ್ಲಿ ಎರಡು ಕಾರ್ಬ್ಯುರೇಟರ್‌ಗಳೂ ಇರುವುದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೊಗೆ ಹೊರಹೋಗುವ ಕೊಳವೆಯ) ನೆತ್ತಿಯ ಮೇಲೆಯೇ. ಮಧ್ಯೆ ಇರುವ ತಗಡಿನ ಹೀಟ್ ಶೀಲ್ಡನ್ನು ಅಡ್ಡವೆಂದು ಕಿತ್ತೆಸೆದ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದನ್ನು ಮೊದಲು ಹುಡುಕಿ ಹಾಕಿಸಬೇಕು. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲ ರಬ್ಬರ್ ಭಾಗಗಳನ್ನು ಎಥನಾಲ್ ತಡೆಯಬಲ್ಲ ಫ್ಲೋರೋ ರಬ್ಬರಿನವುಗಳಿಗೆ ಬದಲಿಸಬೇಕು, ಫ್ಲೋಟ್ ನೀಡಲ್ ತುದಿಯ ರಬ್ಬರಿಗೂ ಇದು ಅನ್ವಯಿಸುತ್ತದೆ. ಟ್ಯಾಂಕಿನ ತಳದಲ್ಲಿ ದಶಕಗಳಿಂದ ಅಂಟಿದ್ದ ಜಿಡ್ಡನ್ನು ಎಥನಾಲ್ ಕರಗಿಸಿ ತರುವುದರಿಂದ ಆರಂಭದಲ್ಲಿ ಫಿಲ್ಟರ್ ಬೇಗಬೇಗ ಕಟ್ಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುವ ಕಾರುಗಳಿಗೆ ಇನ್ನೊಂದು ಅಪಾಯವಿದೆ: ಎಥನಾಲ್ ಗಾಳಿಯ ತೇವವನ್ನು ಹೀರಿಕೊಂಡು, ಮಿತಿಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಪಂಪು ಹೀರುವುದೂ ಆ ತಳದಿಂದಲೇ.

ನಗರದ ಟ್ರಾಫಿಕ್ಕಿನಲ್ಲಿ ನಿಂತಾಗ ಕಾರು ಆರಿಹೋಗಿ, ಹತ್ತು ನಿಮಿಷ ಸ್ಟಾರ್ಟ್ ಆಗದಿರುವುದಕ್ಕೆ ಎಂಜಿಬಿಯಲ್ಲಿ ಬಹುತೇಕ ಕಾರಣ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು ಇನ್‌ಲೆಟ್ ಮ್ಯಾನಿಫೋಲ್ಡಿಗೆ (ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಕೊಳವೆಗೆ) ಉಕ್ಕುವುದು. ಆಗ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿರುತ್ತದೆಯೇ ಹೊರತು ಕಡಿಮೆಯಲ್ಲ. ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು.

ಟ್ಯಾಂಕಿನಲ್ಲಿರುವುದು ಏನೆಂದು ತಿಳಿಯಲು ಲ್ಯಾಬೊರೇಟರಿ ಬೇಕಿಲ್ಲ. 100 ಮಿ.ಲೀ. ಅಳತೆಯ ಗಾಜಿನ ಕೊಳವೆಗೆ 10 ಮಿ.ಲೀ. ನೀರು ಹಾಕಿ, 100ರ ಗೆರೆಯವರೆಗೆ ಪೆಟ್ರೋಲ್ ತುಂಬಿ, ಕುಲುಕಿ, ತಿಳಿಯಾಗಲು ಬಿಟ್ಟರೆ ಎಥನಾಲ್ ನೀರಿನೊಂದಿಗೆ ಸೇರಿ ಕೆಳಪದರ ದಪ್ಪವಾಗುತ್ತದೆ. ಅದು 10ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. 25 ದಾಟಿದರೆ ಶೇ 20ರ ಆಸುಪಾಸಿನಲ್ಲಿದೆ.

ಗ್ರೇಟ್ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶೇ 10ರ ಮಿಶ್ರಣ ಸಾಮಾನ್ಯ ಪೆಟ್ರೋಲ್ ಆದಾಗ, ಹಳೆಯ ಕಾರುಗಳಿಗಾಗಿ ಶೇ 5ರ ದುಬಾರಿ ಸೂಪರ್ ದರ್ಜೆಯನ್ನು ಉಳಿಸಿಕೊಳ್ಳಲಾಯಿತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಕೊಡಬೇಕೆಂದು ಕೋರಿದ್ದ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದೆ. ಹಿಡಿಯಷ್ಟು ಹಳೆಯ ಕಾರುಗಳಿಗಾಗಿ ಇಡೀ ನೀತಿ ಬದಲಾಗಲಿ ಎಂದು ನಾನೂ ಕೇಳುವುದಿಲ್ಲ. ಪ್ರತಿ ಪಂಪಿನ ಮೇಲೆ, ದುಬಾರಿ ಹೈ ಆಕ್ಟೇನ್ ಪೆಟ್ರೋಲಿನ ಪಂಪೂ ಸೇರಿದಂತೆ, ಎಥನಾಲ್ ಶೇಕಡಾವಾರು ಎಷ್ಟೆಂದು ಕನ್ನಡದಲ್ಲಿ ಎದ್ದು ಕಾಣುವಂತೆ ಬರೆದಿರಬೇಕು ಎಂಬುದಷ್ಟೇ ನನ್ನ ಬೇಡಿಕೆ. ಅದು ಗೊತ್ತಿದ್ದರೆ ಜೆಟ್ ಎಷ್ಟು ಇಳಿಸಬೇಕೆಂಬುದನ್ನು ನಾವೇ ನೋಡಿಕೊಳ್ಳುತ್ತೇವೆ.

ಲೇಖನವನ್ನು ನಂಬಿ ಈಗಾಗಲೇ ಎಸ್‌ಯು ಜೋಡಿಯನ್ನು ತೆಗೆಸಿದವರು ದಯವಿಟ್ಟು ಅದನ್ನು ಗುಜರಿಗೆ ಹಾಕಬಾರದು. ಪ್ರತಿ ಪಿಸ್ಟನ್ನೂ ತನ್ನ ಮೇಲಿನ ಗುಮ್ಮಟಕ್ಕೆ ಹೊಂದಿಸಿಯೇ ತಯಾರಾದದ್ದು. ಮುಂದಿನದನ್ನು ಹಿಂದಿನದಕ್ಕೆ ಅದಲು ಬದಲು ಮಾಡದೆ, ಎಮೆರಿ ಪೇಪರ್ ತಾಗಿಸದೆ, ಎರಡನ್ನೂ ಗುರುತು ಹಾಕಿದ ಬೇರೆ ಬೇರೆ ಡಬ್ಬಿಗಳಲ್ಲಿ ಎತ್ತಿಡಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಬಸವನಗುಡಿ, ಬೆಂಗಳೂರು