ಹೆಸರು ಹೇಳಿ ಮಾತಾಡಿಸಿದ ಎಲ್ಲರಿಗೂ

ಮುಂಬೈಯ ಮಾಟುಂಗಾದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅಪ್ಪ ಮತ್ತೆ ಕೂರುತ್ತಿದ್ದಾರೆ. ಬೆಳಿಗ್ಗೆ ಹೊತ್ತು ಮಾತ್ರ. ಹೋದ ವರ್ಷ ಇದನ್ನು ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಬೀಳಲಿಲ್ಲ, ಮಾತು ತೊದಲಲಿಲ್ಲ. ಆದರೆ ಎದುರು ನಿಂತ ಅಮ್ಮನನ್ನು ನೋಡಿ "ಯಾರಿವರು?" ಅಂದರು. ಅಮ್ಮ ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು. ಕಣ್ಣಿನ ಪರೀಕ್ಷೆಯಲ್ಲಿ ಸಣ್ಣ ಅಕ್ಷರವನ್ನೂ ಓದಿದರು. ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು, ಮಿದುಳಿನ ಹಿಂಭಾಗದ ಅಡಿಯಲ್ಲಿ, ಎರಡೂ ಕಡೆ, ರಕ್ತ ಹರಿಯದೆ ಪೆಟ್ಟಾಗಿತ್ತು. ಮುಖ ಗುರುತಿಸುವ ಕೆಲಸ ಮುಖ್ಯವಾಗಿ ಅಲ್ಲೇ ನಡೆಯುವುದು. ಬಣ್ಣ ತಿಳಿಯುವ ಜಾಗವೂ ಅದರ ಹತ್ತಿರವೇ. ಕೆಂಪು ಚಟ್ನಿ, ಹಸಿರು ಚಟ್ನಿ ಎರಡೂ ಅಪ್ಪನಿಗೆ ಬೂದಿ ಬಣ್ಣ. ಕೆಲವು ದಿನ ತಟ್ಟೆಯನ್ನೇ ದೂಡಿಬಿಡುತ್ತಿದ್ದರು.

ಮುಖ ಗುರುತಾಗದ ಈ ತೊಂದರೆಗೆ ಪ್ರೊಸೊಪಗ್ನೋಸಿಯಾ ಅಂತ ಹೆಸರು. 1947ರಲ್ಲಿ ಬೋಡಾಮರ್ ಎಂಬ ಜರ್ಮನ್ ವೈದ್ಯರು ಇಟ್ಟದ್ದು. ಅಪ್ಪನ ನೆನಪು, ಬುದ್ಧಿ ಎರಡೂ ನೆಟ್ಟಗಿವೆ. ಅರುಳುಮರುಳು ಅಂದವರಿಗೆ ಇದನ್ನು ಎಷ್ಟು ಸಲ ಹೇಳಿದೆನೋ!

ಇದಕ್ಕೆ ಮಾತ್ರೆ ಇಲ್ಲ. ದನಿ, ನಡಿಗೆ, ಕನ್ನಡಕ ಹಿಡಿದು ಜನರನ್ನು ಗುರುತಿಸುವುದನ್ನು ಕಲಿಯಬೇಕು. ತಾಳ್ಮೆಯಿಂದ ಕಲಿಸಿದ ಥೆರಪಿಸ್ಟ್ ಮೇಡಂಗೆ ಕೈಮುಗಿಯುತ್ತೇನೆ. ನೋಟಿನ ಬಣ್ಣ ಬಿಟ್ಟು ಅಂಕೆ ನೋಡುವ ರೂಢಿ ಮಾಡಿಸಿದವರೂ ಅವರೇ.

ನಮ್ಮ ಹುಡುಗರಿಗೆ ಏನು ಹೇಳಲಿ? ಎಲ್ಲರಿಗೂ ಒಂದೇ ಯೂನಿಫಾರ್ಮ್, ಬಟ್ಟೆ ನೋಡಿ ಗುರುತು ಹಿಡಿಯೋಣ ಅಂದರೆ ಅದೂ ಇಲ್ಲ. ಅವರೇ ಮಾತಾಡಿಕೊಂಡು ಒಂದು ದಾರಿ ಹುಡುಕಿದರು. ದೋಸೆ ಹುಯ್ಯುವವನು ತಲೆಗೆ ಟವೆಲು ಸುತ್ತಿಕೊಂಡ. ಉಳಿದವರು "ಅಣ್ಣಾ, ನಾನು ಕಾಫಿಯವನು", "ಅಣ್ಣಾ, ಪಾರ್ಸೆಲಿನವನು" ಅನ್ನುತ್ತಲೇ ಹತ್ತಿರ ಬರುತ್ತಾರೆ. ಇವತ್ತಿಗೂ ಒಬ್ಬರೂ ತಪ್ಪಿಸಿಲ್ಲ.

ಅಪ್ಪನಿಗೆ ಬೀದಿಗಳೂ ಗುರುತಾಗುವುದಿಲ್ಲ. ಪಕ್ಕದ ಮನೆಯ ಗುಜರಾತಿ ಕಾಕಿ ದಿನಾ ಜೊತೆಗೆ ನಡೆದು, ಬೋರ್ಡು ಓದಿಸಿ, ಹೂವಿನ ಅಂಗಡಿಗಳ ವಾಸನೆ ಬಂದರೆ ಎಲ್ಲಿ ತಿರುಗಬೇಕು ಅಂತ ಕಲಿಸಿದರು. ಅವರ ಋಣ ದೊಡ್ಡದು.

ಮದುವೆ ಮನೆಗಳಲ್ಲಿ ಅಪ್ಪ ಮಾತಾಡಿಸದೆ ಹೋದರು ಅಂತ ಬೇಜಾರಾದ ನೆಂಟರೇ, ಅವರಿಗೆ ನಿಮ್ಮ ಮೇಲೆ ಮುನಿಸಿಲ್ಲ. ಹತ್ತಿರ ಬಂದು ನಿಮ್ಮ ಹೆಸರು, ಊರು ಹೇಳಿ. ನಿಮ್ಮ ಅಜ್ಜನ ಕಾಲದ ಸುದ್ದಿಯನ್ನೂ ತೆಗೆದು ಮಾತಿಗೆ ಕೂರುತ್ತಾರೆ.