ಬಾದಾಮಿ ಗುಹೆಯ ಮೆಟ್ಟಿಲು ಗುಡಿಸುತ್ತಿದ್ದ ಅಕ್ಕನಿಗೆ

ಅಕ್ಕಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ಹೋದ ಮಂಗಳವಾರ ಮಧ್ಯಾಹ್ನ ಕೋತಿಯೊಂದು ನನ್ನ ಕೈಚೀಲ ಕಿತ್ತುಕೊಂಡು ಬಂಡೆ ಏರಿತಲ್ಲ, ಅದರಲ್ಲಿ ಮರುದಿನದ ಪಾಠದ ಟಿಪ್ಪಣಿ ಪೂರ್ತಿ ಇತ್ತು. ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಪಾತ್ರಗಳ ಬಗ್ಗೆ: ವೀರ, ದಾರಿ ತೋರುವ ಮುದುಕ, ವೇಷ ಹಾಕಿ ಬರುವ ಚತುರ. ಇಂಥವು ಎಲ್ಲರ ಮನಸ್ಸಿನ ತಳದಲ್ಲೂ ಇರುತ್ತವೆ ಅಂತ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದ್ದು. ನನಗೆ ಅಳುವೇ ಬಂದಿತ್ತು.

ನೀವು ಪೊರಕೆ ಕೆಳಗಿಟ್ಟಿರಿ. ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಶೇಂಗಾ ದೂರಕ್ಕೆ ತೂರಿದಿರಿ, ಕೋತಿ ಚೀಲ ಬಿಟ್ಟು ಓಡಿತು. ಒಂದೊಂದು ಹಾಳೆಯ ಧೂಳನ್ನೂ ಸೀರೆಗೆ ಒರೆಸಿ, ಅಂಚು ಸರಿ ಮಾಡಿ ಕೊಟ್ಟಿರಿ. ನಿಮ್ಮ ಬಾಟಲಿಯ ನೀರನ್ನೂ ಕುಡಿಸಿದಿರಿ.

578ರಲ್ಲಿ ಮುಗಿದ ಮೂರನೇ ಗುಹೆಯನ್ನಷ್ಟೇ ನೋಡಲು ಬಂದಿದ್ದೆ. ಹಾಳೆಯಲ್ಲಿದ್ದ ತ್ರಿವಿಕ್ರಮನ ಚಿತ್ರ ನೋಡಿ ನೀವೇ ಮೊದಲು ಎರಡನೇ ಗುಹೆಗೆ ಕರೆದುಕೊಂಡು ಹೋದಿರಿ. ಕೆಳಗೆ ಕೊಡೆ ಹಿಡಿದ ಪುಟ್ಟ ವಾಮನ, ಅದೇ ಕಲ್ಲಿನಲ್ಲಿ ಕಾಲೆತ್ತಿ ನಿಂತ ತ್ರಿವಿಕ್ರಮ. "ಸಣ್ಣಾವ ಆಗಿ ಬಂದು ದೊಡ್ಡದು ಕೇಳೋರು ನಮ್ಮ ಓಣ್ಯಾಗೂ ಅದಾರ್ರೀ, ಕೊಟ್ಟು ತಲಿ ಬಗ್ಗಸೋರೂ ಅದಾರ" ಅಂದಿರಿ.

ಥಟ್ಟನೆ ಅಪ್ಪ ನೆನಪಾದರು. ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು, ಕೊನೆಗೆ ಹೊಲವನ್ನೂ ಕೊಟ್ಟು, ಒಂದು ದಿನವೂ ಬೇಸರ ಮಾಡಿಕೊಳ್ಳದವರು. ಬಲಿ ಚಕ್ರವರ್ತಿ ಅಂದರೆ ಅವರೇ ಅಲ್ವಾ? ಕಂಬಕ್ಕೆ ಒರಗಿ ಸುಮ್ನೆ ನಿಂತೆ. ನೀವೂ ಏನೂ ಕೇಳದೆ ಪಕ್ಕದಲ್ಲೇ ನಿಂತಿರಿ.

ಹಣ ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಂಡು ನಕ್ಕಿರಿ. ಮರುದಿನದ ಪಾಠ ನಿಮ್ಮ ಮಾತಿನಿಂದಲೇ ಶುರು ಮಾಡಿದೆ. ಧನ್ಯವಾದ ಅಕ್ಕಾ. ಮುಂದಿನ ಸಲ ಶೇಂಗಾ ನಾನು ತರುತ್ತೇನೆ.