ಟರ್ಕಿನ ಕೋಳಿಗೂಡಿಗೆ ಬಿಡೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಹಿತ್ತಲಲ್ಲಿ ಟರ್ಕಿ ಸಾಕೋದರ ಬಗ್ಗೆ ಬಂದಿತ್ತಲ್ಲ, ಓದಿದೆ, ಚೆನ್ನಾಗೇ ಇತ್ತು, ಆದ್ರೆ ನಡುವೆ ಈಗಾಗಲೇ ಕೋಳಿಗೂಡು ಇದ್ದವರು ಅದರಲ್ಲೇ ಎರಡು ಟರ್ಕಿ ಬಿಟ್ಕೋಬಹುದು ಅಂತ ಒಂದು ಸಾಲು ಬಂತು ನೋಡಿ, ನನಗೆ ಎದೆ ಧಸಕ್ ಅಂತು. ಮೇಲೆ ಫೋಟೋದಲ್ಲಿ ಬೇರೆ ಟರ್ಕಿ, ಬಿಳಿ ಹ್ಯಾಟೆ ಎರಡೂ ಒಂದೇ ಟ್ರೇಲಿ ನೀರು ಕುಡೀತಿವೆ. ಇದೇ ಕೆಲಸ ನಾನೂ ಮಾಡಿದ್ದೆ, ಅದಕ್ಕೇ ಬರೀತಿದೀನಿ.

ಆರು ಮರಿ ತಂದಿದ್ದೆ. ಗೂಡಿತ್ತು, ಸುತ್ತ ಮೆಶ್ ಇತ್ತು, ಕೋಳಿಗಳು ಅಲ್ಲೇ ಮೂರ್ನಾಲ್ಕು ವರ್ಷದಿಂದ ಆರಾಮಾಗಿದ್ವು, ಇನ್ನೇನು ಬೇಕು ಅಂತ ಬಿಟ್ಟೆ. ಮೂರು ತಿಂಗಳಾಗೋ ಹೊತ್ತಿಗೆ ಒಂದು ಮರಿ ಮೂಲೇಲಿ ಕಣ್ಮುಚ್ಚಿ ನಿಂತಿತ್ತು, ರೆಕ್ಕೆ ಜೋತುಬಿದ್ದಿತ್ತು, ಹಿಕ್ಕೆ ನೋಡಿದ್ರೆ ಗಂಧಕದ ಪುಡಿ ಕಲಸಿದ ಹಾಗೆ ಹಳದಿ. ಪಕ್ಕದಲ್ಲೇ ಕೋಳಿಗಳು ಏನೂ ಆಗದವರ ಹಾಗೆ ಕೆದಕ್ತಿದ್ವು, ಹಂಗಾಗಿ ಥಂಡಿ ಇರ್ಬೇಕು ಅನ್ಕೊಂಡೆ. ಹತ್ತು ದಿನದಲ್ಲಿ ನಾಲ್ಕು ಹೋದ್ವು. ಡಾಕ್ಟ್ರು ಒಂದನ್ನ ಕೊಯ್ದು ಲಿವರ್ ತೋರಿಸಿದ್ರು, ಮೇಲೆಲ್ಲ ನಾಣ್ಯ ಒತ್ತಿದ ಹಾಗೆ ದುಂಡು ದುಂಡು ಗುಳಿ.

ಬ್ಲಾಕ್‌ಹೆಡ್ ಅಂತಾರೆ ಇದಕ್ಕೆ. ಹೆಸರು ನೋಡಿ ತಲೆ ಕಪ್ಪಾಗುತ್ತೆ ಅಂತ ಕಾಯ್ತಾ ಕೂತ್ರೆ ಕೆಟ್ರಿ, ಎಷ್ಟೋ ಹಕ್ಕಿಗೆ ಆಗೋದೇ ಇಲ್ಲ. ಹಿಸ್ಟೊಮೊನಾಸ್ ಅನ್ನೋ ಕಣ್ಣಿಗೆ ಕಾಣದ ಜೀವಿ ಇದು, ಬರೀ ಹಿಕ್ಕೇಲಿದ್ರೆ ಕೆಲವು ಗಂಟೇಲಿ ತಾನೇ ಸಾಯುತ್ತೆ, ಆದ್ರೆ ಕೋಳಿ ಹೊಟ್ಟೇಲಿರೋ ಒಂದು ಸಣ್ಣ ಜಂತುಹುಳದ ಮೊಟ್ಟೆ ಒಳಗೆ ಸೇರ್ಕೊಂಡ್ರೆ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಎರೆಹುಳ ಆ ಮೊಟ್ಟೆ ತಿನ್ನುತ್ತೆ, ಟರ್ಕಿ ಎರೆಹುಳ ತಿನ್ನುತ್ತೆ, ಮುಗೀತು. ಕೋಳಿಗೆ ಅಷ್ಟಾಗಿ ಏನೂ ಆಗಲ್ಲ, ಟರ್ಕಿದು ಹಿಂಡಿಗೆ ಹಿಂಡೇ ಹೋಗಬಹುದು, ಒಂದಕ್ಕೆ ಬಂದ್ಮೇಲೆ ಟರ್ಕಿಯಿಂದ ಟರ್ಕಿಗೆ ಹುಳದ ಸಹಾಯ ಇಲ್ದೇನೂ ಹರಡುತ್ತೆ. ಔಷಧಿ ನಂಬ್ಕೊಳ್ಳೋ ಹಾಗೂ ಇಲ್ಲ, ಅಮೆರಿಕದಲ್ಲಿ ಇದಕ್ಕೆ ಕೊಡ್ತಿದ್ದ ನೈಟಾರ್ಸೋನ್ ಅನ್ನೋದು ಆರ್ಸೆನಿಕ್ ಅನ್ನೋ ವಿಷದ ಅಂಶ ಇರೋ ಮದ್ದು, 2015ರಲ್ಲಿ ಅದನ್ನೂ ವಾಪಸ್ ತಗೊಂಡ್ರು.

ಅಂದ್ರೆ ಕೋಳಿ ಮಾರಿ, ಗೂಡು ತೊಳೆದು, ಸುಣ್ಣ ಬಳಿದು ಟರ್ಕಿ ಬಿಟ್ರೂ ಉಪಯೋಗ ಇಲ್ಲ, ತೊಂದರೆ ಇರೋದು ನೆಲದಲ್ಲಿ. ಕೋಳಿ ಕಾಲಿಡದ ಜಾಗ ನೋಡಿ ಹೊಸದಾಗಿ ಕಟ್ಟಬೇಕು, ಅಲ್ಲಿಗೆ ಹೋಗೋಕೆ ಬೇರೆ ಚಪ್ಪಲಿ, ಬೇರೆ ಸಲಿಕೆ. ನಮ್ಮನೇಲಿ ಈ ಚಪ್ಪಲಿ ವಿಷಯಕ್ಕೆ ದಿನಾ ನಗ್ತಾರೆ, ನಗಲಿ ಬಿಡಿ.

ಮೆಶ್ ಬಗ್ಗೆ ಲೇಖನದಲ್ಲಿ ಬರೆದಿದ್ದು ಸರಿ ಇದೆ, ಆರು ಮೂಲೆಯ ಕೋಳಿ ಜಾಲರಿ ಹಕ್ಕಿನ ಒಳಗಿಡುತ್ತೆ, ನಾಯಿನ ಹೊರಗಿಡಲ್ಲ, ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಬೇಕು, ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಬೇಕು. ಆದ್ರೆ ಮೆಶ್ ಕತ್ತರಿಸಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲ್ಲ. ಟರ್ಕಿಗೆ ಹೊಳೆಯೋದು ಕಂಡ್ರೆ ಪ್ರಾಣ, ತಂತಿ ಚೂರು, ಮೊಳೆ, ಸ್ಟೇಪಲ್ ಪಿನ್ನು ಎಲ್ಲಾ ಗುಳುಂ, ಆಮೇಲೆ ಅದು ಒಳಗೆ ಚುಚ್ಚುತ್ತೆ. ನಾನೀಗ ಕೆಲಸ ಮುಗಿದ ಮೇಲೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆಲ್ಲ ಎಳೀತೀನಿ, ಮೊದಲನೇ ಸಲ ಅರ್ಧ ಹಿಡಿ ಚೂರು ಬಂತು, ನಾನೇ ಬಗ್ಗಿ ಬಗ್ಗಿ ಹೆಕ್ಕಿ ಮುಗಿಸಿದ ಜಾಗದಲ್ಲಿ! ಅದೇ ಚಪಲ ಮರಿ ಇದ್ದಾಗ ಕೆಲಸಕ್ಕೆ ಬರುತ್ತೆ, ನೀರು ಕುಡಿಯೋದೇ ಗೊತ್ತಾಗದ ಮರಿಗೆ ನೀರಲ್ಲಿ ನಾಲ್ಕು ಗೋಲಿ ಹಾಕಿಡಿ, ಗೋಲಿ ಕುಕ್ಕೋಕೆ ಹೋಗಿ ನೀರು ಕಲಿಯುತ್ತೆ.

ಮೇಲೆ ಶೀಟು ಹಾಕ್ಸಿದ್ರೆ ಒಳ್ಳೇದು, ಬರೀ ಬಲೆ ಆದ್ರೆ ಕಾಡುಹಕ್ಕಿ ಹಿಕ್ಕೆ ಕೆಳಗೆ ಬೀಳುತ್ತೆ, ಹಕ್ಕಿಜ್ವರದ ಭಯ. ಮಳೇಲಿ ತಲೆ ಎತ್ತಿ ನಿಂತು ಮುಳುಗಿ ಸಾಯುತ್ತವೆ ಅನ್ನೋದೆಲ್ಲ ಕಟ್ಟುಕಥೆ, ಪುಕ್ಕ ಬರದ ಮರಿ ನೆನೆದು ಥಂಡಿಗೆ ಸಾಯುತ್ತೆ ಅಷ್ಟೇ. ಕೂರೋ ಕಂಬಿ ಭಾರದ ತಳಿಗಾದ್ರೆ ಮೊಣಕಾಲೆತ್ತರಕ್ಕಿಂತ ಮೇಲೆ ಬೇಡ, ಧೊಪ್ಪಂತ ಹಾರಿ ಕಾಲು ಕೆಡಿಸ್ಕೊಳ್ತವೆ. ಮರಿಗೆ ಕೋಳಿಮರಿ ಫೀಡೂ ಸಾಲಲ್ಲ, ಪ್ರೋಟೀನ್ 28% ಹತ್ರ ಇರ್ಬೇಕು, ಕೋಳಿಮರಿ ಫೀಡಲ್ಲಿ ಅಷ್ಟಿರಲ್ಲ.

ಉಳಿದ ಎರಡರಲ್ಲಿ ಒಂದು ಹುಂಜ. ನಾನು ಜೋರಾಗಿ ಸೀನಿದ್ರೂ ಅದು ಗೊಳಗೊಳ ಅಂತ ಉತ್ತರ ಕೊಡುತ್ತೆ, ಸಿಟ್ಟು ಬಂದ್ರೆ ನೀಲಿ ಮುಖ ನೋಡ್ತಾ ನೋಡ್ತಾ ಕೆಂಪಾಗುತ್ತೆ. ಅದನ್ನ ನೋಡಿದಾಗೆಲ್ಲ ಹೋದ ನಾಲ್ಕು ನೆನಪಾಗ್ತವೆ.

ಲೇಖನ ಬರೆದವರ ಮೇಲೆ ಸಿಟ್ಟಿಲ್ಲ, ತಿದ್ದುಪಡಿ ಅಂತ ಎರಡು ಸಾಲು ಹಾಕಿದ್ರೆ ಸಾಕು. ಆ ಫೋಟೋ ಮಾತ್ರ ಇನ್ನೊಂದ್ಸಲ ಹಾಕ್ಬೇಡಿ.

ಇತಿ, ನಿಮ್ಮ ಹಳೇ ಓದುಗ